ಬೆಟ್ಟ ಬಗ್ಗಿಸಿದ ನಕ್ಷೆ

ಪರೇಡ್ ಗ್ರೌಂಡ್ ಮೆಟ್ರೋ ನಿಲ್ದಾಣದ ಗೋಡೆಯ ಮೇಲಿನ ನಕ್ಷೆಯನ್ನು ಸಿಕಂದರಾಬಾದಿನಲ್ಲಿ ಯಾರೂ ಅನುಮಾನದಿಂದ ನೋಡುವುದಿಲ್ಲ. ಕೆಂಪು, ಹಸಿರು, ನೀಲಿ ಮೂರು ಗೆರೆಗಳು. ನಾಗೋಲ್‌ನಿಂದ ಹೊರಟು ಊರೆಲ್ಲ ಬಳಸಿ ರಾಯದುರ್ಗ ಸೇರುವ ನೀಲಿ ಮಾರ್ಗ ಅಲ್ಲಿ ಅಳತೆಪಟ್ಟಿ ಇಟ್ಟು ಎಳೆದಷ್ಟು ನೀಟು. ನಿಲ್ದಾಣ ನಿಲ್ದಾಣಗಳ ನಡುವಿನ ಅಂತರ ಎಲ್ಲೆಲ್ಲೂ ಒಂದೇ. ಜೆಬಿಎಸ್‌ನ ಹಸಿರು ಗೆರೆಯೂ ಪರೇಡ್ ಗ್ರೌಂಡಿನ ನೀಲಿ ಗೆರೆಯೂ ಕಾಗದದ ಮೇಲೆ ಒಂದನ್ನೊಂದು ಮುಟ್ಟುತ್ತವೆ. ಎರಡರ ನಡುವಿನ ಮೇಲ್ಸೇತುವೆಯಲ್ಲಿ ಸೂಟ್‌ಕೇಸ್ ಎಳೆದುಕೊಂಡು ಹೋಗುವವರಿಗೆ ಆ ಸ್ಪರ್ಶದ ಉದ್ದ ಎಷ್ಟೆಂದು ಗೊತ್ತು. ಆದರೂ ಅದನ್ನು ಯಾರೂ ಸುಳ್ಳು ನಕ್ಷೆ ಅನ್ನುವುದಿಲ್ಲ. ಎಲ್ಲಿ ಹತ್ತಬೇಕು, ಎಲ್ಲಿ ಬದಲಿಸಬೇಕು, ಎಲ್ಲಿ ಇಳಿಯಬೇಕು ಎಂಬಷ್ಟಕ್ಕೆ ಉತ್ತರ ಹೇಳುವುದು ಅದರ ಕೆಲಸ. ಮಿಕ್ಕಿದ್ದನ್ನು ಅದು ಧಾರಾಳವಾಗಿ ಬಗ್ಗಿಸಿಕೊಂಡಿದೆ.

ಸ್ಕೀಯಿಂಗ್ ತಾಣಗಳ ಟ್ರೇಲ್ ಮ್ಯಾಪ್, ಅಂದರೆ ಇಳಿಯುವ ಹಾದಿಗಳ ನಕ್ಷೆ, ಇದೇ ಜಾತಿಯದು. ಅದರಲ್ಲಿ ಬಗ್ಗಿಸಿರುವುದು ರೈಲಿನ ಹಳಿಯನ್ನಲ್ಲ, ಬೆಟ್ಟವನ್ನು. ಮೆಟ್ರೋ ನಕ್ಷೆಯನ್ನು ತಪ್ಪಾಗಿ ಓದಿದರೆ ಒಂದು ಆಟೋ ಬಾಡಿಗೆ ದಂಡ. ಟ್ರೇಲ್ ಮ್ಯಾಪನ್ನು ತಪ್ಪಾಗಿ ಓದಿದವರು, ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟ್ ನಿಂತ ಮೇಲೆ, ಕತ್ತಲಾಗುವ ಹೊತ್ತಿಗೆ, ತಮ್ಮದಲ್ಲದ ಕಣಿವೆಯೊಂದರ ತಳದಲ್ಲಿ ನಿಂತಿರುತ್ತಾರೆ.

ಸಮುದ್ರಮಟ್ಟದಿಂದ ಸುಮಾರು 540 ಮೀಟರ್ ಎತ್ತರದ, ಸಂಕ್ರಾಂತಿಯ ಹೊತ್ತಿಗೆ ಹದಿನೈದು ದಿನ ಸ್ವೆಟರ್ ಹಾಕಿದರೆ ಚಳಿಗಾಲ ಮುಗಿಯಿತು ಅನ್ನುವ ಊರಿನ ಓದುಗರಿಗೆ ಇದೆಲ್ಲ ಏಕೆ ಎಂದು ಕೇಳಬಹುದು. ಒಂದು ಕಾರಣ ಸರಳವಾದದ್ದು: ಡಿಸೆಂಬರ್ ಬಂತೆಂದರೆ ಮಾರೇಡ್‌ಪಲ್ಲಿ, ಪದ್ಮರಾವ್‌ನಗರದ ಕಡೆಯ ಕುಟುಂಬಗಳು ಕಾಶ್ಮೀರದ ಪ್ಯಾಕೇಜ್ ಹಿಡಿದು ಹೊರಡುತ್ತವೆ, ಅದರಲ್ಲಿ ಒಂದು ದಿನ ಗುಲ್ಮಾರ್ಗ್ ಇದ್ದೇ ಇರುತ್ತದೆ. ಟ್ಯಾಂಕ್‌ಬಂಡ್ ದಾಟಿದರೆ ಸಿಗುವ ಸ್ನೋ ವರ್ಲ್ಡ್‌ನಲ್ಲಿ, ಬಾಡಿಗೆಯ ಜಾಕೆಟ್ ತೊಟ್ಟು ಒಂದು ಗಂಟೆ ನಡುಗಿ ಬಂದ ಮಕ್ಕಳೇ ಗುಲ್ಮಾರ್ಗ್‌ಗೆ ಹೋಗಬೇಕೆಂದು ಹಟ ಹಿಡಿಯುವುದು. 2004ರಿಂದ ಅವಳಿ ನಗರದ ಮಕ್ಕಳಿಗೆ ಹಿಮವೆಂದರೆ ಅದೇ. ಅಲ್ಲಿ ನಕ್ಷೆಯ ಅಗತ್ಯವಿಲ್ಲ. ಗುಲ್ಮಾರ್ಗ್‌ನಲ್ಲಿ ಇದೆ.

ಇನ್ನೊಂದು ಕಾರಣ ಹಳೆಯದು, ಬೊಲಾರಂನಿಂದ ಹೊರಡುವಂಥದು. ನಿಜಾಮರ ಖರ್ಚಿನಲ್ಲಿ, ಬ್ರಿಟಿಷ್ ಅಧಿಕಾರಿಗಳ ಕೈಕೆಳಗೆ ಇದ್ದ ಹೈದರಾಬಾದ್ ಕಂಟಿಂಜೆಂಟ್ ಎಂಬ ಸೇನೆಯ ನೆಲೆ ಬೊಲಾರಂ. ಆ ಸೇನೆಯ ಕಾಲಾಳು ಪಡೆಗಳು 1903ರಲ್ಲಿ ಭಾರತೀಯ ಸೇನೆಯೊಳಗೆ ಸೇರಿಹೋಗಿ, ಮುಂದೆ 19ನೇ ಹೈದರಾಬಾದ್ ರೆಜಿಮೆಂಟ್ ಆದವು. 1945ರಲ್ಲಿ ಅದರ ಹೆಸರು ಕುಮಾವೂ ರೆಜಿಮೆಂಟ್ ಎಂದಾಯಿತು. ಈ ಹೈದರಾಬಾದ್ ರೆಜಿಮೆಂಟಿನ ನಾಲ್ಕನೇ ಬೆಟಾಲಿಯನ್ನಿನಲ್ಲಿ ಬೆಳೆದ ಅಧಿಕಾರಿ ಮಡಿಕೇರಿಯ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಕಾಶ್ಮೀರದ ಯುದ್ಧದಲ್ಲಿ, 1948ರ ನವೆಂಬರ್ 1ರಂದು, ಅವರು ಜೋಜಿಲಾ ಕಣಿವೆಮಾರ್ಗಕ್ಕೆ ಟ್ಯಾಂಕ್ ಹತ್ತಿಸಿ ಎದುರಾಳಿಯನ್ನು ಬೆಚ್ಚಿಬೀಳಿಸಿದ ಕಥೆ ಎಲ್ಲರಿಗೂ ಗೊತ್ತು. ಅದಾದ ಮರು ತಿಂಗಳು, ಅವರ 19ನೇ ಡಿವಿಷನ್ ಗುಲ್ಮಾರ್ಗ್‌ನಲ್ಲಿ ಒಂದು ಸ್ಕೀ ಶಾಲೆ ತೆರೆಯಿತೆಂಬುದು ಅಷ್ಟಾಗಿ ಗೊತ್ತಿಲ್ಲದ ಸಂಗತಿ. ಹಿಮದಲ್ಲಿ ಕಾದಬೇಕಾದ ಸೈನಿಕನಿಗೆ ಹಿಮದ ಮೇಲೆ ನಡೆಯಲು ಬರಬೇಕಲ್ಲ. ಅದೇ ಶಾಲೆ ಬೆಳೆದು ಇವತ್ತಿನ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಆಗಿದೆ. ಗುಲ್ಮಾರ್ಗ್‌ನಲ್ಲಿ ಬ್ರಿಟಿಷರು ಅದಕ್ಕೂ ಮುಂಚೆ ಮೋಜಿಗೆ ಜಾರುತ್ತಿದ್ದದ್ದು ನಿಜ. ಸ್ವತಂತ್ರ ಭಾರತ ಹಿಮದ ಮೇಲೆ ಜಾರಲು ಕಲಿತದ್ದು ಮಾತ್ರ ಕೊಡವ ಜನರಲ್ ಒಬ್ಬರ ಡಿವಿಷನ್ನಿನಿಂದ.

ಇಷ್ಟು ನಂಟು ಸಾಕು. ಈಗ ನಕ್ಷೆ ಬಿಚ್ಚೋಣ.

ಯುರೋಪಿನದಾಗಲಿ ಅಮೆರಿಕದ್ದಾಗಲಿ, ಟ್ರೇಲ್ ಮ್ಯಾಪ್ ಮೊದಲ ನೋಟಕ್ಕೆ ನಕ್ಷೆಯಂತೆ ಕಾಣುವುದೇ ಇಲ್ಲ. ಅದು ಚಿತ್ರ. ನೀಲಿ ಆಕಾಶ, ಬಿಳಿ ಶಿಖರ, ಒಂದೊಂದಾಗಿ ಬರೆದ ಪೈನ್ ಮರಗಳು, ಮರಗಳ ನಡುವೆ ಇಳಿದುಬರುವ ಬಿಳಿ ಪಟ್ಟಿಗಳು, ಪಟ್ಟಿಗಳ ಮೇಲೆ ಬಣ್ಣದ ಗೆರೆಗಳು. ಈ ಕಲೆಗೆ ತಳಪಾಯ ಹಾಕಿದವನು ಆಸ್ಟ್ರಿಯಾದ ಹೈನ್‌ರಿಷ್ ಬೆರಾನ್. 1930ರ ದಶಕದಲ್ಲಿ ಗ್ರೋಸ್‌ಗ್ಲಾಕ್ನರ್ ಪರ್ವತ ರಸ್ತೆಯ ಚಿತ್ರದಿಂದ ಶುರುಮಾಡಿ, ಆಲ್ಪ್ಸ್‌ನ ಬೆಟ್ಟ ಕಣಿವೆಗಳನ್ನು ಹಕ್ಕಿ ನೋಡಿದಂತೆ ಬರೆಯುವ ರೀತಿಯನ್ನೇ ರೂಢಿಗೆ ತಂದ. ಅಮೆರಿಕದಲ್ಲಿ ಇದೇ ಕಸುಬಿನ ದೊಡ್ಡ ಹೆಸರು ಕೊಲರಾಡೋದ ಜೇಮ್ಸ್ ನೀಹ್ಯೂಸ್. 1980ರ ದಶಕದ ಕೊನೆಗೆ ಕುಂಚ ಹಿಡಿದವರು, ಸುಮಾರು 200 ತಾಣಗಳ ನಕ್ಷೆ ಬರೆದರು. ಸಣ್ಣ ವಿಮಾನದಲ್ಲಿ ಬೇರೆ ಬೇರೆ ಎತ್ತರದಲ್ಲಿ ಹಾರಿ ಫೋಟೋ ತೆಗೆಯುವುದು, ಆಮೇಲೆ ಮೇಜಿನ ಮುಂದೆ ಕೂತು ವಾರಗಟ್ಟಲೆ ಮರ ಬರೆಯುವುದು. ಕಂಪ್ಯೂಟರಿನಲ್ಲಿ ಮಾಡಲು ಯತ್ನಿಸಿದ ಕೆಲವು ತಾಣಗಳು ಕೊನೆಗೆ ಕೈಯಿಂದ ಬರೆದ ಚಿತ್ರಕ್ಕೇ ಮರಳಿದವು. ಬೆಟ್ಟಕ್ಕೆ ಎಷ್ಟು ಬೆನ್ನು, ಎಷ್ಟು ಮಗ್ಗುಲು ಇರುತ್ತದೆ ಎಂದು ನೋಡಿದವರಿಗೆ ಅದರ ಕಾರಣ ಹೊಳೆಯುತ್ತದೆ.

ಬೆಟ್ಟವನ್ನು ಒಂದೇ ಕಡೆಯಿಂದ ನೋಡಿದರೆ ಅರ್ಧ ಮಾತ್ರ ಕಾಣುತ್ತದೆ. ಎಡ ಮಗ್ಗುಲಿನ ಬಟ್ಟಲಿನಂಥ ತಗ್ಗು ಒಂದು ಕಡೆ ಮುಖ ಮಾಡಿದೆ, ಬಲ ಮಗ್ಗುಲಿನದು ಇನ್ನೊಂದು ಕಡೆ, ಬೆನ್ನಿನ ಮೇಲಿನ ಇಳಿಜಾರು ಕಾಣುವುದೇ ಇಲ್ಲ. ಕೈಯಲ್ಲಿ ಕಾಗದ ಹಿಡಿದವನಿಗಾದರೋ ಎಲ್ಲವೂ ಒಟ್ಟಿಗೆ ಬೇಕು. ಹಾಗಾಗಿ ಕಲಾವಿದ ಹಿಂದಿನ ಮಗ್ಗುಲನ್ನು ತಿರುಗಿಸಿ ಮುಂದಕ್ಕೆ ತರುತ್ತಾನೆ, ಅಡ್ಡ ಬಂದ ದಿಣ್ಣೆಯನ್ನು ತಗ್ಗಿಸುತ್ತಾನೆ, ಕಿರಿದಾದ ಹಾದಿಯನ್ನು ಕಣ್ಣಿಗೆ ಕಾಣುವಷ್ಟು ಅಗಲ ಮಾಡುತ್ತಾನೆ. ದೂರದ ಶಿಖರವನ್ನು ಹತ್ತಿರಕ್ಕೆ ಎಳೆಯುತ್ತಾನೆ, ಏಕೆಂದರೆ ಆ ಶಿಖರದ ಹೆಸರಿಗೇ ಟಿಕೆಟ್ ಮಾರಾಟವಾಗುವುದು. ಹೀಗಾಗಿ ಟ್ರೇಲ್ ಮ್ಯಾಪಿಗೆ ಸ್ಕೇಲ್ ಎಂಬುದಿಲ್ಲ. ಕಾಗದದ ಮೇಲಿನ ಒಂದು ಬೆರಳಗಲ ಒಂದು ಕಡೆ ಇನ್ನೂರು ಮೀಟರ್ ಆದರೆ ಪಕ್ಕದಲ್ಲೇ ಒಂದು ಕಿಲೋಮೀಟರ್ ಆಗಿರಬಹುದು.

ದಿಕ್ಕು ಕೂಡ ಹಾಗೆಯೇ. ನಕ್ಷೆಯ ತಲೆಯೆಂದರೆ ಉತ್ತರ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಟ್ರೇಲ್ ಮ್ಯಾಪಿನ ತಲೆಯಲ್ಲಿ ಇರುವುದು ಶಿಖರ, ಅಷ್ಟೇ. ಭೂಮಿಯ ಉತ್ತರಾರ್ಧದಲ್ಲಿ ಬಿಸಿಲು ಕಡಿಮೆ ಬಿದ್ದು ಹಿಮ ಹೆಚ್ಚು ದಿನ ಉಳಿಯುವುದು ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ. ಅಂಥ ಇಳಿಜಾರನ್ನು ತಪ್ಪಲಿನಿಂದ ತಲೆಯೆತ್ತಿ ನೋಡಿದಂತೆ ಬರೆದರೆ ನೋಡುಗನ ಮುಖ ದಕ್ಷಿಣಕ್ಕಿರುತ್ತದೆ. ಅಂದರೆ ಬಹಳಷ್ಟು ಒಳ್ಳೆಯ ಸ್ಕೀ ತಾಣಗಳ ನಕ್ಷೆಯಲ್ಲಿ ಮೇಲಿರುವುದು ದಕ್ಷಿಣ, ಎಡಗಡೆ ಇರುವುದು ಪೂರ್ವ. ಗುಲ್ಮಾರ್ಗ್‌ನ ಚಿತ್ರದಲ್ಲೂ ಅಷ್ಟೆ. ಅಫರ್ವಾಟ್ ಶಿಖರ ಇರುವುದು ಊರಿನ ನೈಋತ್ಯಕ್ಕೆ. ಫೋನಿನ ದಿಕ್ಸೂಚಿ ಹಿಡಿದು ಈ ಚಿತ್ರವನ್ನು ಹೊಂದಿಸಲು ಹೋದವರು ಕಕ್ಕಾಬಿಕ್ಕಿಯಾಗುವುದು ಖಂಡಿತ. ದಿಕ್ಕು ತಿಳಿದರೆ ಲಾಭ ಉಂಟು: ಬೆಳಿಗ್ಗೆ ಯಾವ ಇಳಿಜಾರಿಗೆ ಮೊದಲು ಬಿಸಿಲು ಬಿದ್ದು ರಾತ್ರಿಯ ಗಡಸು ಹಿಮ ಮೆತ್ತಗಾಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಯಾವ ಮಗ್ಗುಲು ನೆರಳಿಗೆ ಹೋಗಿ ಮತ್ತೆ ಗಾಜಾಗುತ್ತದೆ ಎಂದು ಲೆಕ್ಕ ಹಾಕಬಹುದು. ಆದರೆ ಅದನ್ನು ಬೇರೆ ನಕ್ಷೆಯಿಂದ ತಿಳಿಯಬೇಕು.

ಅಳೆದು ಬರೆದ ಆ ಬೇರೆ ನಕ್ಷೆಯ ತವರು ನಮ್ಮ ಪಕ್ಕದಲ್ಲೇ ಇದೆ. ಬ್ರಿಟಿಷ್ ಸರ್ವೇಯರ್ ವಿಲಿಯಂ ಲ್ಯಾಂಬ್ಟನ್ 1815ರಲ್ಲಿ ಬೀದರ್ ಬಳಿಯ ದಾಮರಗಿದ್ದದವರೆಗೆ, ಕನ್ಯಾಕುಮಾರಿಯ ತುದಿಯಿಂದ ತ್ರಿಕೋನದ ಮೇಲೆ ತ್ರಿಕೋನ ಕಟ್ಟಿಕೊಂಡು ಬಂದ. ಅರ್ಧ ಟನ್ ತೂಕದ ಥಿಯೋಡೊಲೈಟ್ ಹೊತ್ತು ಗುಡ್ಡ, ಗೋಪುರ ಹತ್ತಿಸಿದ ಆ ಕೆಲಸಕ್ಕೆ 1818ರಲ್ಲಿ ಸಹಾಯಕನಾಗಿ ನೇಮಕಗೊಂಡ ಜಾರ್ಜ್ ಎವರೆಸ್ಟ್ ಎಂಬ ಯುವಕ ಬಂದು ಸೇರಿದ್ದು ಹೈದರಾಬಾದಿನಲ್ಲಿ. ಕೃಷ್ಣಾ ಗೋದಾವರಿಗಳ ನಡುವಿನ ಕಾಡಿನಲ್ಲಿ ಜ್ವರ ಹಿಡಿದು ನೆಲಕಚ್ಚಿದ್ದು ಅವನ ಮೊದಲ ಅನುಭವ. ಈ ಅಳತೆಗಾರರ ಪಾಲಿಗೆ ಒಂದು ಅಂಗುಲ ಬಗ್ಗಿದರೂ ಪಾಪ. ಅವರ ಸರ್ವೆ ಇಲಾಖೆಯ ತರಬೇತಿ ಸಂಸ್ಥೆ ಇವತ್ತಿಗೂ ಉಪ್ಪಲ್‌ನಲ್ಲಿದೆ. ಎವರೆಸ್ಟನ ಹೆಸರು 1865ರಲ್ಲಿ, ಅವನು ಅಳೆಯದ ಶಿಖರವೊಂದಕ್ಕೆ ಅಂಟಿಕೊಂಡಿತು. ಅದಾಗಿ ನೂರು ವರ್ಷ ತುಂಬುವುದಕ್ಕೆ ಸ್ವಲ್ಪ ಮುಂಚೆ, 1963ರಲ್ಲಿ, ಅದೇ ಎವರೆಸ್ಟ್ ಸುತ್ತಿನ ಹಿಮಾಲಯವನ್ನು ನ್ಯಾಷನಲ್ ಜಿಯೋಗ್ರಾಫಿಕ್‌ಗೆ ಬರೆದುಕೊಟ್ಟವನು ನಮ್ಮ ಬೆರಾನ್, ಬೆಟ್ಟ ಬಗ್ಗಿಸುವ ಚಿತ್ರಗಾರ. ಲ್ಯಾಂಬ್ಟನ್ನನ ಸಾಲಿನವರು ಬೆಟ್ಟ ಎಲ್ಲಿದೆ, ಎಷ್ಟಿದೆ ಎಂದು ಹೇಳಿದರು. ಬೆರಾನ್ ಸಾಲಿನವರು ಅಲ್ಲಿ ನಿಂತರೆ ಹೇಗೆ ಕಾಣುತ್ತದೆ ಎಂದು ಹೇಳಿದರು. ಸ್ಕೀ ಮಾಡುವವನಿಗೆ ಎರಡೂ ಬೇಕು, ಮತ್ತು ಯಾವುದನ್ನು ಯಾವ ಪ್ರಶ್ನೆಗೆ ತೆರೆಯಬೇಕು ಎಂಬುದೂ ಗೊತ್ತಿರಬೇಕು.

ಟ್ರೇಲ್ ಮ್ಯಾಪ್ ಕೈಗೆ ಬಂದರೆ ಹೊಸಬರ ಕಣ್ಣು ಮೊದಲು ಹೋಗುವುದು ಬಣ್ಣದ ಗೆರೆಗಳಿಗೆ. ಹೋಗಬೇಕಾದದ್ದು ನೆಟ್ಟಗಿನ ಗೆರೆಗಳಿಗೆ, ಅಂದರೆ ಲಿಫ್ಟುಗಳಿಗೆ. ಇಡೀ ಚಿತ್ರದಲ್ಲಿ ಹೆಚ್ಚು ನಂಬಬಹುದಾದವು ಅವೇ. ಒಂದು ತುದಿಯಲ್ಲಿ ಹತ್ತುವುದು, ಇನ್ನೊಂದು ತುದಿಯಲ್ಲಿ ಇಳಿಯುವುದು, ನಡುವೆ ಬೇರೆ ದಾರಿ ಇಲ್ಲ. ಲಿಫ್ಟಿನ ಮೇಲ್ತುದಿಯನ್ನು ಹಿಡಿದು, ಅಲ್ಲಿಂದ ಕೆಳಗೆ ಎಷ್ಟು ಹಾದಿ ಹೊರಡುತ್ತವೆ, ಅವುಗಳಲ್ಲಿ ಅತಿ ಸುಲಭದ್ದು ಯಾವುದು, ಅದು ಕೊನೆಗೆ ಬಂದು ಸೇರುವುದು ಅದೇ ಲಿಫ್ಟಿನ ಬುಡಕ್ಕೋ ಇನ್ನೊಂದರ ಬುಡಕ್ಕೋ ಎಂದು ನೋಡಬೇಕು. ಸುಲಭದ ಹಾದಿಯೇ ಇಲ್ಲದ ಲಿಫ್ಟುಗಳೂ ಇರುತ್ತವೆ. ಹತ್ತುವಾಗ ಯಾರೂ ತಡೆಯುವುದಿಲ್ಲ. ಮೇಲೆ ಹೋದ ಮೇಲೆ ಇಳಿಯಲು ಕಡಿದಾದದ್ದೊಂದೇ ಇದೆ ಎಂದು ತಿಳಿಯುತ್ತದೆ. ಅಷ್ಟು ಹೊತ್ತಿಗೆ ಕುರ್ಚಿ ತಿರುಗಿ ಹೋಗಿರುತ್ತದೆ.

ಬಣ್ಣಗಳ ಕಥೆ ಸ್ವಲ್ಪ ಸ್ವಾರಸ್ಯದ್ದು. ಯುರೋಪಿನಲ್ಲಿ ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಷ್ಟ. ಕೆಲವು ದೇಶಗಳಲ್ಲಿ ಎಲ್ಲಕ್ಕಿಂತ ಕೆಳಗೆ ಹಸಿರು. ಅಮೆರಿಕದಲ್ಲಿ ಬಣ್ಣದ ಜೊತೆ ಆಕಾರವೂ ಉಂಟು: ಹಸಿರು ವೃತ್ತ, ನೀಲಿ ಚೌಕ, ಕಪ್ಪು ವಜ್ರ, ಅದಕ್ಕೂ ಮೇಲೆ ಜೋಡಿ ಕಪ್ಪು ವಜ್ರ. ಬಣ್ಣಗುರುಡು ಇರುವವರಿಗೂ, ಹಿಮ ಮೆತ್ತಿ ಬಣ್ಣ ಕಾಣದಾಗಲೂ ಆಕಾರ ನೆರವಿಗೆ ಬರುತ್ತದೆ. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮಿನರಲ್ ಕಿಂಗ್ ಎಂಬ ಕಣಿವೆಯಲ್ಲಿ ದೊಡ್ಡದೊಂದು ಸ್ಕೀ ತಾಣ ಕಟ್ಟಲು ಹೊರಟಿದ್ದ ವಾಲ್ಟ್ ಡಿಸ್ನಿ ಕಂಪನಿ, ಯಾವ ಬಣ್ಣ, ಯಾವ ಆಕಾರ ಜನರ ಮನಸ್ಸಿಗೆ ಏನು ಹೇಳುತ್ತದೆ ಎಂದು ಪರೀಕ್ಷೆ ಮಾಡಿತ್ತು. ಅಮೆರಿಕದ ಸ್ಕೀ ತಾಣಗಳ ಸಂಘ 1968ರಲ್ಲಿ ಅದನ್ನೇ ಒಪ್ಪಿಕೊಂಡಿತು. ಡಿಸ್ನಿಯ ತಾಣ ಮಾತ್ರ ಏಳಲೇ ಇಲ್ಲ. ಪರಿಸರವಾದಿಗಳ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು, 1978ರಲ್ಲಿ ಆ ಕಣಿವೆ ಸೆಕೋಯಾ ರಾಷ್ಟ್ರೀಯ ಉದ್ಯಾನಕ್ಕೆ ಸೇರಿತು. ಒಂದು ಲಿಫ್ಟನ್ನೂ ಕಾಣದ ಬೆಟ್ಟದ ಲೆಕ್ಕದಲ್ಲಿ ಹುಟ್ಟಿದ ಗುರುತುಗಳು ಒಂದು ಖಂಡದ ಲಿಫ್ಟುಗಳನ್ನೆಲ್ಲ ಆಳುತ್ತಿವೆ.

ಈ ಬಣ್ಣಗಳ ಬಗ್ಗೆ ಟೂರ್ ಏಜೆಂಟರು ಹೇಳದ ಮಾತೊಂದಿದೆ. ಅವು ಆ ಒಂದು ಬೆಟ್ಟದೊಳಗಿನ ಮಾತು. ಇಳಿಜಾರನ್ನು ಅಳೆದು ಬಣ್ಣ ಹಚ್ಚುವ ರೂಢಿಯೊಂದು ಇದೆ: ಅಡ್ಡಕ್ಕೆ ನೂರು ಮೀಟರ್ ಹೋದರೆ ಇಪ್ಪತ್ತೈದು ಮೀಟರ್ ಇಳಿಯುವವರೆಗೆ ಸುಲಭ, ನಲವತ್ತರವರೆಗೆ ಮಧ್ಯಮ, ಆಚೆಗೆ ಕಷ್ಟ. ನಲವತ್ತು ಪ್ರತಿಶತ ಎಂದರೆ 22 ಡಿಗ್ರಿಗೆ ಹತ್ತಿರ. ಆದರೆ ಬಣ್ಣ ನಿರ್ಧರಿಸುವುದು ಆಯಾ ತಾಣದವರೇ. ಹಾದಿಯ ಅಗಲ, ತಿರುವು, ಯಂತ್ರದಿಂದ ಹಿಮ ಸಮ ಮಾಡುತ್ತಾರೋ ಇಲ್ಲವೋ, ಪಕ್ಕದ ಹಾದಿ ಎಷ್ಟು ಕಡಿದು, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಮೌಲಾಲಿ ಗುಡ್ಡದ ಮೇಲೆ ಹಿಮ ಬಿದ್ದು, ಯಾರೋ ಅಲ್ಲಿ ಲಿಫ್ಟ್ ಹಾಕಿದರು ಅನ್ನಿ. ದರ್ಗಾಕ್ಕೆ ಹೋಗುವ ಮೆಟ್ಟಿಲ ದಿಕ್ಕಿಗೆ ನೀಲಿ ಬಳಿದು, ಬೋಳು ಬಂಡೆಯ ದಿಕ್ಕಿಗೆ ಕಪ್ಪು ಬಳಿಯುತ್ತಾರೆ, ತಪ್ಪಲಿನ ರಸ್ತೆಗೆ ಹಸಿರು. ಮೂರೂ ಬಣ್ಣ ಬಂದವು, ನಕ್ಷೆ ಚೆಂದವಾಯಿತು. ಅಲ್ಲಿ ನೀಲಿ ಇಳಿದವನು ಆಲ್ಪ್ಸ್‌ಗೆ ಹೋಗಿ ನಾನು ನೀಲಿಯವನು ಎಂದರೆ ಆ ಮಾತಿಗೆ ಅರ್ಥವಿಲ್ಲ. ಹೊಸ ತಾಣಕ್ಕೆ ಹೋದ ಮೊದಲ ದಿನ, ತನ್ನ ಮಟ್ಟಕ್ಕಿಂತ ಒಂದು ಬಣ್ಣ ಕೆಳಗಿನ ಹಾದಿಯಲ್ಲಿ ಇಳಿದು ಆ ಬೆಟ್ಟದ ಬಣ್ಣಗಳ ಬೆಲೆ ತಿಳಿದುಕೊಳ್ಳುವುದು ಬಲ್ಲವರ ಪದ್ಧತಿ.

ಬಣ್ಣ ನಂಬದವರಿಗೆ ಲ್ಯಾಂಬ್ಟನ್ನನ ಸಾಲಿನವರ ಅಳತೆಯ ನಕ್ಷೆ, ಟೋಪೋಶೀಟ್, ಇದೆ. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಕಾಂಟೂರ್ ಗೆರೆಗಳು ಅದರ ಜೀವಾಳ. 1:50,000 ಅಳತೆಯ ಹಾಳೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ ಐವತ್ತು ಮೀಟರ್. ಗೆರೆಯಿಂದ ಗೆರೆಗೆ ಇಪ್ಪತ್ತು ಮೀಟರ್ ಎತ್ತರದ ಅಂತರವಿರುವ ಹಾಳೆಯಾದರೆ, ಎರಡು ಗೆರೆಗಳ ನಡುವೆ ಎರಡು ಮಿಲಿಮೀಟರ್ ಇದ್ದಲ್ಲಿ ಇಳಿಜಾರು ಇಪ್ಪತ್ತು ಪ್ರತಿಶತ, ಸುಲಭದ್ದು. ಒಂದು ಮಿಲಿಮೀಟರ್‌ಗೆ ಇಳಿದರೆ ನಲವತ್ತು ಪ್ರತಿಶತ, ಕಪ್ಪಿನ ಹೊಸ್ತಿಲು. ಕಡಿದಾದ ಪರ್ವತ ಪ್ರದೇಶದಲ್ಲಿ ಗೆರೆಗಳು ಒಂದರ ಮೇಲೊಂದು ಬೀಳದಿರಲೆಂದು ಆ ಅಂತರವನ್ನು ನಲವತ್ತು ಮೀಟರ್ ಮಾಡುವುದುಂಟು. ಅಂಥ ಹಾಳೆಯಲ್ಲಿ ಗೆರೆಗಳ ನಡುವೆ 0.8ರಿಂದ 1.4 ಮಿಲಿಮೀಟರ್ ಜಾಗ ಇದ್ದರೆ ಎಚ್ಚರ. ಅದು 30ರಿಂದ 45 ಡಿಗ್ರಿ ಇಳಿಜಾರು, ಮತ್ತು ಹಿಮಕುಸಿತಗಳು ಹೆಚ್ಚಾಗಿ ಹೊರಡುವುದು ಅದೇ ಇಳಿಜಾರಿನಿಂದ. ಅದಕ್ಕಿಂತ ಕಡಿದಾದಲ್ಲಿ ಹಿಮ ರಾಶಿಯಾಗುವಷ್ಟು ನಿಲ್ಲುವುದಿಲ್ಲ, ಅದಕ್ಕಿಂತ ಇಳಿಜಾರು ಕಡಿಮೆಯಾದಲ್ಲಿ ಸಾಮಾನ್ಯವಾಗಿ ಜಾರುವುದಿಲ್ಲ. ಸ್ಕೀ ಮಾಡುವವರಿಗೆ ಅತಿ ರುಚಿಯೆನಿಸುವುದೂ ಇದೇ ಇಳಿಜಾರು, ಅದೇ ತೊಂದರೆ. ಬಣ್ಣ ಬಣ್ಣದ ಟ್ರೇಲ್ ಮ್ಯಾಪಿನಲ್ಲಿ ಈ ಮಾಹಿತಿ ಎಳ್ಳಷ್ಟೂ ಇರುವುದಿಲ್ಲ.

ಸ್ಕೀ ಹಾದಿಗಳ ಇನ್ನೊಂದು ಸ್ವಭಾವವನ್ನು ನಕ್ಷೆ ಬಾಯಿಬಿಟ್ಟು ಹೇಳುವುದಿಲ್ಲ: ಅವೆಲ್ಲ ಏಕಮುಖ. ಎಲ್ಲೋ ಎಡಕ್ಕೆ ತಿರುಗಬೇಕಿತ್ತು ಎಂದು ಐದು ನಿಮಿಷದ ಮೇಲೆ ನೆನಪಾದರೆ ಹಿಂದಕ್ಕೆ ಹೋಗಲಾಗದು. ಆದ್ದರಿಂದ ದಿನದ ಯೋಜನೆಯನ್ನು ಕೊನೆಯಿಂದ ಹಿಂದಕ್ಕೆ ಮಾಡುವುದು ಲೇಸು. ಉಳಿದುಕೊಂಡ ಹೋಟೆಲು ಎಲ್ಲಿದೆ, ಅಲ್ಲಿಗೆ ಇಳಿಯುವ ಹಾದಿ ಯಾವುದು, ಆ ಹಾದಿಯ ತಲೆಗೆ ಒಯ್ಯುವ ಲಿಫ್ಟ್ ಯಾವುದು, ಅದು ಎಷ್ಟು ಗಂಟೆಗೆ ನಿಲ್ಲುತ್ತದೆ. ನಕ್ಷೆಯ ಮೂಲೆಯಲ್ಲಿ ಇರುವೆಯ ಗಾತ್ರದ ಅಕ್ಷರದಲ್ಲಿ ಬರೆದಿರುವ ಆ ಸಮಯವೇ ಇಡೀ ಹಾಳೆಯ ಮುಖ್ಯ ಸಾಲು. ಕೆಂಪು ಶಿಲುಬೆ ಗುರುತು ಇದ್ದಲ್ಲಿ ರಕ್ಷಣಾ ಪಡೆಯ ಗುಡಿಸಲು. ಅಂಚಿನಲ್ಲಿ ಓಡುವ ಚುಕ್ಕಿ ಗೆರೆ ತಾಣದ ಗಡಿ. ಗಡಿಯೊಳಗೆ ಬಿದ್ದವರನ್ನು ಎತ್ತಲು ಬರುವುದು ತಾಣದವರ ಹೊಣೆ. ಹೊರಗೆ ಬಿದ್ದವರದು ಅವರವರ ಹಣೆಬರಹ. ಫ್ರಾನ್ಸಿನಲ್ಲಿ ಹಾದಿಯುದ್ದಕ್ಕೂ ನೆಟ್ಟ ಕಂಬಗಳಿಗೆ ಸಂಖ್ಯೆ ಇರುತ್ತದೆ, ಮೇಲಿನಿಂದ ಕೆಳಕ್ಕೆ ಇಳಿಯುತ್ತಾ ಒಂದಕ್ಕೆ ಮುಗಿಯುತ್ತದೆ. ಇಳಿಯುವವರ ಬಲಗಡೆಯ ಕಂಬಗಳ ತಲೆಗೆ ಕಿತ್ತಳೆ ಬಣ್ಣ. ಮಂಜು ಮುಸುಕಿ ಮುಂಗೈ ಕಾಣದಾದಾಗ ಯಾವ ಅಂಚಿನಲ್ಲಿದ್ದೇನೆ ಎಂದು ಹೇಳುವುದು ಆ ಕಿತ್ತಳೆ. ಫೋನಿನಲ್ಲಿ ನೆರವು ಕೇಳುವಾಗ ಹಾದಿಯ ಹೆಸರು, ಕಂಬದ ಸಂಖ್ಯೆ ಎರಡು ಹೇಳಿದರೆ ಸಾಕು.

ಇದನ್ನೆಲ್ಲ ಕಲಿತು ಗುಲ್ಮಾರ್ಗ್‌ಗೆ ಹೋದವರಿಗೆ ಅರ್ಧ ವಿದ್ಯೆ ಉಪಯೋಗಕ್ಕೆ ಬರುವುದಿಲ್ಲ. ಏಕೆಂದರೆ ಅಲ್ಲಿ ಲಿಫ್ಟುಗಳೇ ಕೆಲವು. ಊರಿನಿಂದ, ಸುಮಾರು 2,650 ಮೀಟರ್ ಎತ್ತರದಿಂದ, ಕೊಂಗ್‌ಡೂರಿವರೆಗೆ ಗೊಂಡೋಲಾದ ಮೊದಲ ಹಂತ, 1998ರಲ್ಲಿ ಶುರುವಾದದ್ದು. ಅಲ್ಲಿಂದ ಅಫರ್ವಾಟ್‌ನ ಭುಜದವರೆಗೆ, 4,000 ಮೀಟರಿಗೆ ತುಸು ಕಡಿಮೆ ಎತ್ತರಕ್ಕೆ, ಎರಡನೇ ಹಂತ, 2005ರದು. ನಡುವೆ ಮೇರಿಸ್ ಶೋಲ್ಡರ್ ಎಂಬಲ್ಲಿಗೆ ಒಂದು ಚೇರ್‌ಲಿಫ್ಟ್. ಊರ ಬಯಲಿನಲ್ಲಿ ಕಲಿಯುವವರಿಗೆ ಸಣ್ಣಪುಟ್ಟ ಎಳೆಯುವ ಲಿಫ್ಟುಗಳು. ಸಿಕಂದರಾಬಾದಿನಿಂದ ಹೋದ ಕುಟುಂಬಗಳು ಹೆಚ್ಚಾಗಿ ಈ ಬಯಲಿನಲ್ಲಿ ಬಾಡಿಗೆಯ ಬೂಟು ಹಾಕಿ ಹತ್ತು ಗಜ ಜಾರಿ, ಫೇಸ್ ಒನ್ ಟಿಕೆಟಿನಲ್ಲಿ ಕೊಂಗ್‌ಡೂರಿಗೆ ಹೋಗಿ ಕಾಹ್ವಾ ಕುಡಿದು ಬರುತ್ತವೆ. ಅದರಲ್ಲಿ ನಾಚಿಕೆಯೇನಿಲ್ಲ. ಟಿಕೆಟ್ ತೆಗೆಯುವ ಮುಂಚೆ ಒಂದನೇ ಹಂತ, ಎರಡನೇ ಹಂತ ಬೇರೆ ಬೇರೆ ಎಂಬುದು, ಜೋರು ಗಾಳಿ ಬಂದರೆ ಮೇಲಿನದನ್ನು ನಿಲ್ಲಿಸಿಬಿಡುತ್ತಾರೆ ಎಂಬುದು ಗೊತ್ತಿದ್ದರೆ ಕೌಂಟರಿನ ಮುಂದೆ ಜಗಳ ಕಡಿಮೆಯಾಗುತ್ತದೆ.

ಎರಡನೇ ಹಂತದ ಮೇಲ್ತುದಿಯಲ್ಲಿ ಇಳಿದವನ ಮುಂದೆ ಬಣ್ಣದ ಹಾದಿಗಳಿಲ್ಲ. ಬಿಳಿ ಬಟ್ಟಲೊಂದಿದೆ, ಅದರಾಚೆ ಇನ್ನೊಂದು, ಅದರಾಚೆ ಮತ್ತೊಂದು. ಗೊಂಡೋಲಾದ ಕೆಳಗಿನ ಭಾಗವನ್ನು ತಾಣದ ರಕ್ಷಣಾ ಪಡೆ ನೋಡಿಕೊಳ್ಳುತ್ತದೆ, ಹಿಮಕುಸಿತದ ಭಯವಿದ್ದರೆ ಮುಚ್ಚುತ್ತದೆ. ಎಡಕ್ಕೂ ಬಲಕ್ಕೂ ಸ್ವಲ್ಪ ನಡೆದರೆ ಸಾಕು, ಅದು ತಾಣದ ಗಡಿಯ ಹೊರಗೆ. ಅಲ್ಲಿಂದ ಕಾಡಿನ ನಡುವೆ ದ್ರಂಗ್‌ವರೆಗೆ, ಬಾಬಾ ರೇಶಿವರೆಗೆ, ತಂಗ್‌ಮಾರ್ಗ್‌ವರೆಗೆ ಜಾರಿಕೊಂಡು ಹೋಗಿ, ಜೀಪು ಹಿಡಿದು ವಾಪಸ್ ಬರುವುದು ಜಗತ್ತಿನ ಪರಿಣತರನ್ನು ಅಲ್ಲಿಗೆ ಸೆಳೆಯುವ ರುಚಿ. ಗುಲ್ಮಾರ್ಗ್‌ಗೂ ಚಿತ್ರದ ನಕ್ಷೆಗಳಿವೆ, ಅವುಗಳಲ್ಲಿ ಬಟ್ಟಲುಗಳಿಗೆ, ದಿಣ್ಣೆಗಳಿಗೆ ಹೆಸರಿದೆ. ಆದರೆ ಹೆಸರು ಬರೆದ ಮಾತ್ರಕ್ಕೆ ಅದು ಹಾದಿಯಾಗುವುದಿಲ್ಲ. ಯುರೋಪಿನ ನಕ್ಷೆಯಲ್ಲಿ ಗೆರೆ ಎಳೆದಿದ್ದಾರೆಂದರೆ ಯಾರೋ ಅದನ್ನು ಬೆಳಿಗ್ಗೆ ನೋಡಿ ಬಂದಿದ್ದಾರೆ ಎಂದು ಅರ್ಥ. ಇಲ್ಲಿ ಗೆರೆ ಎಂದರೆ ಯಾರೋ ಒಂದು ದಿನ ಇಳಿದಿದ್ದರು ಎಂದಷ್ಟೇ. 2023ರ ಫೆಬ್ರುವರಿ 1ರಂದು ಹಾಪತ್‌ಖುಡ್ ಎಂಬಲ್ಲಿ ಹಿಮ ಕುಸಿದು ಪೋಲೆಂಡಿನ ಇಬ್ಬರು ಸತ್ತರು. ಮರು ವರ್ಷ ಅದೇ ತಿಂಗಳು ಇನ್ನೊಂದು ಕುಸಿತದಲ್ಲಿ ರಷ್ಯಾದ ಒಬ್ಬ. ಇವರಾರೂ ಬಾಡಿಗೆ ಬೂಟಿನವರಲ್ಲ. ಅಲ್ಲಿಗೆ ಹೋಗುವವರು ನಕ್ಷೆಗಿಂತ ಮೊದಲು ನೋಡಬೇಕಾದದ್ದು ಆ ದಿನದ ಹಿಮಕುಸಿತದ ಸೂಚನೆಯನ್ನು. ಜೊತೆಗೆ ಸ್ಥಳೀಯ ಗೈಡ್, ಸಿಗ್ನಲ್ ಕಳಿಸುವ ಯಂತ್ರ, ಹಿಮಕ್ಕೆ ಚುಚ್ಚುವ ಕೋಲು, ಸಲಿಕೆ ಬೇಕು. ಗುಲ್ಮಾರ್ಗ್ ನಿಯಂತ್ರಣ ರೇಖೆಗೆ ಹತ್ತಿರವಿರುವುದರಿಂದ ವಿವರವಾದ ಟೋಪೋಶೀಟ್ ಸಾಮಾನ್ಯರ ಕೈಗೆ ಸಿಗುವುದೂ ಬಹುಕಾಲ ಕಷ್ಟವಿತ್ತು. ಹಾಗಾಗಿ ಅಲ್ಲಿ ನಕ್ಷೆಯ ಬಹುಪಾಲು ಇರುವುದು ತಂಗ್‌ಮಾರ್ಗ್‌ನ ಹುಡುಗರ ತಲೆಯಲ್ಲಿ. ಅವರಿಗೆ ಕೊಡುವ ಕೂಲಿಯಲ್ಲಿ ಚೌಕಾಶಿ ಮಾಡುವವರನ್ನು ಕಂಡರೆ ನನಗೆ ಆಶ್ಚರ್ಯ.

ಉತ್ತರಾಖಂಡದ ಸ್ಕೀ ತಾಣ ಔಲಿಯಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಜೋಶಿಮಠದಿಂದ ಹೊರಡುತ್ತಿದ್ದ ಸುಮಾರು ನಾಲ್ಕು ಕಿಲೋಮೀಟರ್ ರೋಪ್‌ವೇಯ ಕಂಬಗಳ ಸಂಖ್ಯೆಯೇ ವಿಳಾಸವಾಗಿತ್ತು; ಎಂಟನೇ ಟವರಿನಲ್ಲಿ ಇಳಿ, ಹತ್ತನೆಯದರ ಹತ್ತಿರ ಸಿಗೋಣ ಎಂಬುದು ಅಲ್ಲಿಯ ಮಾತಾಗಿತ್ತು. 2023ರ ಜನವರಿಯಲ್ಲಿ ಜೋಶಿಮಠದ ನೆಲವೇ ಕುಸಿಯತೊಡಗಿದಾಗ ರೋಪ್‌ವೇ ನಿಂತಿತು.

ನಕ್ಷೆ ಹೇಳದ ಇನ್ನೊಂದು ಸಂಗತಿ ಹಿಮ. ಚಿತ್ರದಲ್ಲಿ ಬೆಟ್ಟ ವರ್ಷವಿಡೀ ಬಿಳಿ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಕಂದು ಬಣ್ಣಕ್ಕಿತ್ತು, ಒಣಹುಲ್ಲಿನ ನಡುವೆ ಕುದುರೆಯವರು ಗಿರಾಕಿಗಳಿಗೆ ಕಾಯುತ್ತಿದ್ದ ಫೋಟೋಗಳು ಪತ್ರಿಕೆಗಳಲ್ಲಿ ಬಂದವು. ಮರು ವರ್ಷ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಗುಲ್ಮಾರ್ಗ್ ಭಾಗವನ್ನು ಹಿಮವಿಲ್ಲವೆಂದು ಫೆಬ್ರುವರಿಯಿಂದ ಮಾರ್ಚ್‌ಗೆ ಮುಂದೂಡಬೇಕಾಯಿತು. ಡಿಸೆಂಬರ್ ಕೊನೆಯ ರಜೆಗೆ ಟಿಕೆಟ್ ಮಾಡಿಸುವ ನಮ್ಮ ಕಡೆಯವರು ಇದನ್ನು ಗಮನಿಸುವುದು ಒಳಿತು. ಇಂಥ ವರ್ಷಗಳನ್ನು ಬಿಟ್ಟರೆ, ನೆಚ್ಚಿಕೊಳ್ಳುವಷ್ಟು ಹಿಮ ಬೀಳುವುದು ಜನವರಿ, ಫೆಬ್ರುವರಿಯಲ್ಲೇ.

ಈ ಖೇಲೋ ಇಂಡಿಯಾ ಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದವರು ಕೊಡಗಿನ ತೆಕ್ಕಡ ಭವಾನಿ ನಂಜುಂಡ. ಹಿಮ ಕಾಣದ ಕಾಫಿ ನಾಡಿನವರು. ತಿಮ್ಮಯ್ಯನವರ ಜಿಲ್ಲೆಯವರು, ತಿಮ್ಮಯ್ಯನವರು ಶಾಲೆ ತೆರೆದ ಗುಲ್ಮಾರ್ಗ್‌ನಲ್ಲೇ ಗೆದ್ದವರು. 2023ರಲ್ಲಿ ಸ್ಲೊವೇನಿಯಾದ ಪ್ಲಾನಿತ್ಸಾದಲ್ಲಿ ನಡೆದ ವಿಶ್ವ ನಾರ್ಡಿಕ್ ಸ್ಕೀ ಚಾಂಪಿಯನ್‌ಷಿಪ್‌ನಲ್ಲಿ ಓಡಿದರು, 2025ರಲ್ಲಿ ಚಿಲಿಯ ಅಂತಾರಾಷ್ಟ್ರೀಯ ಸ್ಪರ್ಧೆಯೊಂದರಲ್ಲಿ ಕಂಚು ಗೆದ್ದರು. ಅವರದು ಕ್ರಾಸ್ ಕಂಟ್ರಿ. ಲಿಫ್ಟ್ ಇಲ್ಲ, ಏರನ್ನೂ ತನ್ನ ಕಾಲು ಕೈಗಳಿಂದಲೇ ಏರಬೇಕು.

ಕ್ರಾಸ್ ಕಂಟ್ರಿ ಸ್ಪರ್ಧೆಯ ನಕ್ಷೆಯಲ್ಲಿ ಚಿತ್ರಗಾರನ ಕೈವಾಡವಿಲ್ಲ, ಹಸಿರು ಕಪ್ಪುಗಳಿಲ್ಲ, ಶಿಖರವೂ ಇಲ್ಲ. ಕಾಂಟೂರ್ ಗೆರೆಗಳ ಮೇಲೆ ಹೊರಟಲ್ಲಿಗೇ ಬಂದು ಸೇರುವ ಒಂದು ಸುತ್ತು, ಅದರ ಕೆಳಗೆ ಏರಿಳಿತದ ಒಂದು ನೀಳ ಗೆರೆ. ಸುತ್ತಿನಲ್ಲಿ ಸುಮಾರು ಮೂರನೇ ಒಂದು ಪಾಲು ಏರು, ಮೂರನೇ ಒಂದು ಇಳಿತ, ಉಳಿದದ್ದು ಅಲೆಯಂತೆ ಏಳುಬೀಳುವ ನೆಲ ಇರಬೇಕೆಂದು ಅಂತಾರಾಷ್ಟ್ರೀಯ ನಿಯಮ. ಆ ನೀಳ ಗೆರೆಯಲ್ಲಿ ಎತ್ತರವನ್ನು ಬೇಕೆಂದೇ ಹಿಗ್ಗಿಸಿ ಬರೆದಿರುತ್ತಾರೆ, ಇಲ್ಲದಿದ್ದರೆ ಕಿಲೋಮೀಟರ್‌ಗಟ್ಟಲೆ ಹಾದಿಯ ಮೇಲೆ ಮೂವತ್ತು ಮೀಟರಿನ ಏರು ಕಣ್ಣಿಗೆ ಬೀಳುವುದೇ ಇಲ್ಲ. ಹೀಗೆ ಇಲ್ಲಿಯೂ ಬೆಟ್ಟ ಬಗ್ಗಿದೆ, ಈ ಸಲ ಮೇಲಕ್ಕೆ. ಪಕ್ಕದಲ್ಲಿ ಮೂರು ಸಂಖ್ಯೆಗಳಿರುತ್ತವೆ: ಅತಿ ಎತ್ತರಕ್ಕೂ ಅತಿ ತಗ್ಗಿಗೂ ಇರುವ ವ್ಯತ್ಯಾಸ, ಅತಿ ದೊಡ್ಡ ಏರು ಎಷ್ಟು ಮೀಟರ್, ಎಲ್ಲ ಏರುಗಳನ್ನು ಕೂಡಿದರೆ ಎಷ್ಟು. ಓಟಗಾರರು ಮೊದಲು ಓದುವುದು ಆ ಮೂರು ಸಂಖ್ಯೆ. ಆಮೇಲೆ ಗೆರೆಯಲ್ಲಿ ದೊಡ್ಡ ಏರು ಸುತ್ತಿನ ಮೊದಲಿದೆಯೋ ಕೊನೆಗಿದೆಯೋ ಎಂದು ನೋಡುತ್ತಾರೆ, ಸ್ಪರ್ಧೆಯ ಹಿಂದಿನ ದಿನ ಆ ಸುತ್ತನ್ನು ನಿಧಾನವಾಗಿ ಸುತ್ತಿ, ಎಲ್ಲಿ ಹಿಮ ಗಟ್ಟಿ, ಎಲ್ಲಿ ಪುಡಿ ಎಂದು ತಿಳಿದು, ಸ್ಕೀಗೆ ಯಾವ ಮೇಣ ಬಳಿಯಬೇಕೆಂದು ತೀರ್ಮಾನಿಸುತ್ತಾರೆ.